ಲಬ್ಬರ್ ಎಂಬ ಗೆಳೆಯ

"ಏ ಲಬ್ಬರ್! ಕಣ್ಣು ನೆತ್ತಿ ಮ್ಯಾಲ ಅದಾವೇನು?"

ಮುಮ್ತಾಜಬೇಗಂ ಬೈದದ್ದು ಮನುಷ್ಯರನ್ನಲ್ಲ, ತುಂಬಿದ ಕೊಡ ಉರುಳಿಸಿ ಅಂಗಳವನ್ನೆಲ್ಲ ರಾಡಿ ಮಾಡಿದ ಆಡಿನ ಮರಿಯನ್ನು. ಆದರೆ ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಗೋಪಿಕಾಬಾಯಿಯವರ ಕೈಯಲ್ಲಿದ್ದ ಬಾಳೆಹಣ್ಣು ಅರ್ಧ ಸುಲಿದಲ್ಲಿಗೇ ನಿಂತಿತು.

"ಈಗ ಏನಂದಿರಿ?"

"ಯಾರಿಗ್ರಿ? ಈ ಮರಿಗ್ಯಾ?"

"ಹೌದು. ಲಬ್ಬರ್ ಅಂದಿರಲ್ಲ, ಅದು ಮರಿ ಹೆಸರೇನು?"

ಮುಮ್ತಾಜಬೇಗಂ ನಕ್ಕಳು. ಗಂಡ ಸತ್ತ ಹನ್ನೊಂದು ದಿನಗಳಲ್ಲಿ ಅದೇ ಮೊದಲ ನಗು ಇರಬೇಕು. ನಕ್ಕವಳು ತಾನೇ ಗಾಬರಿಯಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಆಡಿನ ಮರಿಗೆ ಯಾರ ಹೆಸರಿಡ್ತಾರ್ರಿ ಬಾಯಾರ! ಅದು ಬೈಗಳ. ನಮ್ಮ ಮನಿಯವರು ಹಡಗದಿಂದ ತಂದದ್ದು. ಕೊಡಾ ಚೆಲ್ಲಿದ್ರ ಲಬ್ಬರ್, ಎಡವಿದ್ರ ಲಬ್ಬರ್. ನನ್ನ ಮದವಿಯಾದ ಹೊಸದಾಗಿ ನನಗೂ ಹಂಗ ಅಂತಿದ್ರು."

ಆಕೆಯ ಗಂಡ ಖಾದರಸಾಬ ಹದಿನೆಂಟು ವರ್ಷ ಮುಂಬಯಿಯ ಹಡಗುಗಳಲ್ಲಿ ಖಲಾಸಿಯಾಗಿದ್ದು, ಮೊಣಕಾಲು ಹಿಡಿದುಕೊಂಡ ಮೇಲೆ ತಡಸಕ್ಕೆ ಬಂದು ಕುಳಿತಿದ್ದವ. ಹೋದ ಶುಕ್ರವಾರದ ಹಿಂದಿನ ಶುಕ್ರವಾರ ಮಧ್ಯಾಹ್ನ ಸವಣೂರಿನಲ್ಲಿ ಬಸ್ಸು ಇಳಿದ. ಹೊತ್ತು ಮುಳುಗುವ ಮೊದಲು ಊರ ಕೆರೆಯಲ್ಲಿ ಹೆಣವಾಗಿ ತೇಲಿದ. ತಲೆಯ ಹಿಂದೆ ಪೆಟ್ಟಿತ್ತು. ಮೆಟ್ಟಿಲ ಕಲ್ಲು ಬಡಿದದ್ದೋ, ಯಾರಾದರೂ ಬಡಿದದ್ದೋ, ಹೇಳುವವರಿರಲಿಲ್ಲ.

ಫೌಜದಾರ ಶಿದ್ಲಿಂಗಪ್ಪ ಎರಡು ಸಲ ತಡಸಕ್ಕೆ ಬಂದು ಬಾಗಿಲ ಹೊರಗಿನಿಂದಲೇ ತಿರುಗಿದ್ದರು. ವಿಧವೆ ಇದ್ದತ್ತಿನಲ್ಲಿ ಕುಳಿತಿದ್ದಳು. ನಾಲ್ಕು ತಿಂಗಳು ಹತ್ತು ದಿನ ಪರಗಂಡಸರ ಮುಂದೆ ಬರುವಂತಿಲ್ಲ. ಸವಣೂರಿನ ಹೆಣ್ಣುಮಕ್ಕಳ ಸಾಲೆಯ ಶಿಕ್ಷಕಿ ಗೋಪಿಕಾಬಾಯಿಯವರಿಗೆ ಆ ಬಾಗಿಲು ತೆರೆಯಿತು. ಬಾಯಾರು ತನ್ನ ಮನೆಯ ಚಹಾ ಕುಡಿಯುವುದಿಲ್ಲವೆಂದು ತಿಳಿದು ಮುಮ್ತಾಜಬೇಗಂ ಎರಡು ಬಾಳೆಹಣ್ಣನ್ನೂ ತರಿಸಿಟ್ಟಿದ್ದಳು.

"ಬೈಗಳ ಅಂದ್ರ, ಏನರ್ಥ ಅದಕ್ಕ?"

"ಬಿಳೇ ಸಾಹೇಬರ ಮಾತಂತ್ರಿ. ಸಮುದ್ರ ಗೊತ್ತಿಲ್ಲದ ಹೊಸಬರಿಗೆ ಹಂಗಂತಾರ. ನೆಲದ ಮ್ಯಾಲ ಹುಟ್ಟಿದ ಮಂದಿ ಹಡಗಾ ಹತ್ತಿದ್ರ ಏನಾಕ್ಕೈತಿ? ಕಾಲ ನಿಲ್ಲಂಗಿಲ್ಲ, ಹೊಟ್ಟಿಯೊಳಗ ಕೂಳ ನಿಲ್ಲಂಗಿಲ್ಲ. ಅಂಥಾವಂಗ ಲಬ್ಬರ್ ಅನ್ನೂದು. ಸಾಹೇಬರ ಬಾಯಿಂದ ನಮ್ಮವರ ಬಾಯಿಗೆ ಬಂತು. ಸಮುದ್ರಾ ರೂಢಿ ಆದಮ್ಯಾಲ ಬಿಟ್ಟಬಿಡತಾರಂತ. ಆ ನಿಮ್ಮ ಸವಣೂರ ಹುಡುಗಗ ಮಾತ್ರ ಕಡೀತನಕ ಬಿಡಲಿಲ್ಲಂತ."

"ಯಾವ ಹುಡುಗಗ?"

"ಅವನ ರೀ, ಖತೀಜಾಬಿ ಮಗ ಸಿರಾಜುದ್ದೀನ. ನಮ್ಮವರ ಅಲ್ಲೇನ್ರಿ ಅವನ್ನ ಮುಂಬಯಿಗೆ ಕರಕೊಂಡು ಹೋದವರು? ಆ ಹಡಗದಾಗ ಅವನ ಹೆಸರಾ ಯಾರಿಗೂ ಗೊತ್ತಿರಲಿಲ್ಲಂತ. ಎಲ್ಲಾರೂ ಲಬ್ಬರ್, ಲಬ್ಬರ್ ಅಂತನ ಕರೀತಿದ್ರಂತ."

ಗೋಪಿಕಾಬಾಯಿ ಹಣ್ಣನ್ನು ಮೆಲ್ಲಗೆ ಕೆಳಗಿಟ್ಟರು.

"ಮುಮ್ತಾಜಬೇಗಂ, ಅವತ್ತು ಅವರು ಸವಣೂರಿಗೆ ಹೊರಟಾಗ ಏನಂದ್ರು? ನೆನಪು ಮಾಡಿಕೊಂಡು ಹೇಳ್ರಿ."

"ಸಿರಾಜ ತಿರಿಗಿ ಬಂದಾನ ಅಂತ ಸುದ್ದಿ ಸಿಕ್ಕಿತ್ತಲ್ರಿ. ಮಾರಿ ಸುಟ್ಟಕೊಂಡಾನ, ಗುರುತ ಹತ್ತೂದಿಲ್ಲ ಅಂತ ಮಂದಿ ಅಂದ್ರು. ಇವರು ನಕ್ಕರು. 'ಮಾರಿ ಯಾಕ ಬೇಕು, ಅವನ ಒಂದು ಗುರುತು ನನಗ ಗೊತ್ತೈತಿ. ದೂರಿಂದ ನೋಡಿ ಹೇಳ್ತೇನಿ' ಅಂದ್ರು. ಏನ ಗುರುತು ಅಂತ ನಾ ಕೇಳಲಿಲ್ಲ. ಬಂದಮ್ಯಾಲ ಹೇಳ್ತಾರ ಅಂದ್ಕೊಂಡೆ."

ಮಾತನ್ನು ಅಲ್ಲಿಗೇ ಬಿಟ್ಟು ಆಕೆ ಉರುಳಿದ ಕೊಡವನ್ನು ಎತ್ತಿ ನಿಲ್ಲಿಸಿದಳು.

ಹತ್ತೂವರೆಯ ಬಸ್ಸಿಗೆ ಗೋಪಿಕಾಬಾಯಿ ಓಡಿದರು. ಐವತ್ತೆರಡರ ವಯಸ್ಸಿನಲ್ಲಿ ಸೀರೆ ಎತ್ತಿ ಹಿಡಿದು ಓಡುವ ಬಾಯಾರನ್ನು ತಡಸದ ಮಂದಿ ನಿಂತು ನೋಡಿದರು. ಅವರಿಗೆ ಅದರ ಪರಿವೆ ಇರಲಿಲ್ಲ.

ಮೂರು ಗಂಟೆಗೆ ಸವಣೂರಿನಲ್ಲಿ ಖತೀಜಾಬಿ ತನ್ನ ಎಲೆತೋಟವನ್ನು 'ಮಗ'ನ ಹೆಸರಿಗೆ ಬರೆದುಕೊಡುವವಳಿದ್ದಳು. ಬಕ್ಷೀಸಪತ್ರ ತಯಾರಾಗಿತ್ತು. ಸಾಕ್ಷಿಯ ರುಜು ಹಾಕಬೇಕಾದವರು ಬೇರೆ ಯಾರೂ ಅಲ್ಲ, ಗೋಪಿಕಾಬಾಯಿಯೇ.

ಬಸ್ಸು ಶಿಗ್ಗಾಂವಿಯ ದಾರಿ ಹಿಡಿಯಿತು. ಕಿಟಕಿಗೆ ತಲೆಯಾನಿಸಿ ಅವರು ಕಣ್ಣು ಮುಚ್ಚಿದರು.

ಒಂಬತ್ತು ಪತ್ರಗಳು. ಒಂದೊಂದೂ ಬಾಯಿಪಾಠ. ನಲವತ್ತೆರಡನೆಯ ಇಸವಿಯಲ್ಲಿ ಊರು ಬಿಟ್ಟ ಸಿರಾಜುದ್ದೀನ ತಾಯಿಗೆ ಬರೆದವು. ತಾಯಿಗೆ ಓದಲು ಬಾರದು. ಹುಡುಗನನ್ನು ಮನೆಗೆ ಕರೆಸಿ ಅಕ್ಷರ ತಿದ್ದಿಸಿದವರೇ ಗೋಪಿಕಾಬಾಯಿ. ಪತ್ರ ಬಂದಾಗ ಓದಿ ಹೇಳಿದವರೂ ಅವರೇ. ನಲವತ್ತಾರರಲ್ಲಿ ಕೊಲಂಬೊದಿಂದ ಕೊನೆಯದು ಬಂತು. ಆಮೇಲೆ ಹನ್ನೊಂದು ವರ್ಷ ಸುದ್ದಿಯಿಲ್ಲ. ರಾಜ್ಯ ಒಂದಾದ ಮರುವರ್ಷದ ಈ ಮಳೆಗಾಲಕ್ಕೆ ಮುಂಚೆ, ಖತೀಜಾಬಿ ಪೆಟ್ಟಿಗೆಯಲ್ಲಿಟ್ಟಿದ್ದ ಆ ಪತ್ರಗಳ ಗಂಟೇ ಕಾಣೆಯಾಯಿತು. ಎರಡು ತಿಂಗಳಿಗೆ ಅರ್ಧ ಮುಖ ಸುಟ್ಟುಕೊಂಡ ಒಬ್ಬ ಬಂದು 'ಅಮ್ಮಾ' ಎಂದ.

ಪತ್ರದಲ್ಲಿದ್ದದ್ದೆಲ್ಲ ಅವನಿಗೆ ಗೊತ್ತಿತ್ತು. ಊರು ನಂಬಿತು. ಗೋಪಿಕಾಬಾಯಿ ನಂಬಲಿಲ್ಲ. ಆದರೆ ಫೌಜದಾರರು, "ನಿಮ್ಮ ಮನಸ್ಸಿನ ಮಾತು ಕೋರ್ಟಿಗೆ ಬ್ಯಾಡ್ರಿ ಬಾಯಾರ, ಪುರಾವೆ ತರ್ರಿ" ಎಂದಿದ್ದರು.

ಮೂರನೆಯ ಪತ್ರ: 'ಇಲ್ಲಿ ಲಬ್ಬರ್ ಅಂತ ಒಬ್ಬ ಹುಡುಗ ನನಗೆ ಗೆಳೆಯನಾಗಿದ್ದಾನೆ. ಗಾಳಿ ಎದ್ದಾಗ ಎರಡು ದಿನ ಅನ್ನ ಮುಟ್ಟಲಿಲ್ಲ. ನಾವೆಲ್ಲ ನಕ್ಕೆವು. ನಾನು ಮಾತ್ರ ಚೆನ್ನಾಗಿದ್ದೇನೆ.'

ಓದುವಾಗ ಅವರೂ ನಕ್ಕಿದ್ದರು. ಖತೀಜಾಬಿಯೂ ನಕ್ಕು, ಅಂದಿನಿಂದ ನಮಾಜು ಮಾಡಿದಾಗಲೆಲ್ಲ ಮಗನ ಜೊತೆಗೆ ಲಬ್ಬರನಿಗೂ ದುವಾ ಬೇಡುತ್ತಿದ್ದಳು.

ಐದನೆಯ ಪತ್ರ: 'ಖಲಾಸಿಗಳ ಮುಖಂಡ ಸಾರಂಗನು ಲಬ್ಬರನನ್ನು ಬಹಳ ಬಡಿದ. ಅವನು ಅಳಲಿಲ್ಲ.'

ಏಳನೆಯದು.

ಗೋಪಿಕಾಬಾಯಿ ಕಣ್ಣು ತೆರೆದರು. ಏಳನೆಯ ಪತ್ರ ಎದುರಿಗೆ ಹಿಡಿದಷ್ಟು ಸ್ಪಷ್ಟವಾಗಿ ಕಂಡಿತು. 'ಲಂಗರಿನ ಸರಪಳಿಯಲ್ಲಿ ಸಿಕ್ಕು ಪಾಪ ಲಬ್ಬರನ ಎಡಗೈ ಕಿರುಬೆರಳು ತುಂಡಾಯಿತು. ಈಗ ವಾಸಿಯಾಗಿದೆ. ನೀನು ಚಿಂತೆ ಮಾಡಬೇಡ.'

ಗೆಳೆಯನ ಬೆರಳು ಹೋದರೆ ತಾಯಿಗೆ 'ಚಿಂತೆ ಮಾಡಬೇಡ' ಎಂದು ಯಾರು ಬರೆಯುತ್ತಾರೆ? ಇಷ್ಟು ವರ್ಷ ಆ ಸಾಲು ತಮಗೆ ಚುಚ್ಚಲಿಲ್ಲವಲ್ಲ! ಹುಡುಗ ತನ್ನ ಹೊಡೆತ, ಹಸಿವು, ನೋವನ್ನೆಲ್ಲ ಇಲ್ಲದ ಒಬ್ಬ ಗೆಳೆಯನ ಹೆಗಲಿಗೆ ಹಾಕಿ, ತಾಯಿಗೆ ನಗುವನ್ನಷ್ಟೇ ಕಳಿಸಿದ್ದ. ಆ ನಗುವನ್ನು ದನಿ ಏರಿಸಿ ಓದಿ ಹೇಳಿದವರು ತಾವೇ.

ಅಳಲು ಹೊತ್ತಿರಲಿಲ್ಲ. ಮೊನ್ನೆಯಷ್ಟೇ ಆ ಮನುಷ್ಯ ಎಲೆ ಎಣಿಸಿ ಕಟ್ಟು ಕಟ್ಟುವುದನ್ನು ಅವರು ನೋಡಿದ್ದರು. ಎರಡೂ ಕೈ, ಹತ್ತೂ ಬೆರಳು.

ಸವಣೂರಿಗೆ ಬಂದಾಗ ಒಂದೂವರೆ. ಅವರು ಮನೆಗೆ ಹೋಗಲಿಲ್ಲ, ನೇರ ಠಾಣೆಗೆ ಹೋದರು. ಶಿದ್ಲಿಂಗಪ್ಪ ರೊಟ್ಟಿ ಮುಂದಿಟ್ಟುಕೊಂಡಿದ್ದರು. ಗೋಪಿಕಾಬಾಯಿ ಹೇಳುತ್ತ ಹೋದಂತೆ ರೊಟ್ಟಿ ತಟ್ಟೆಯಲ್ಲೇ ತಣ್ಣಗಾಯಿತು.

"ಪತ್ರ ನಮ್ಮ ಕೈಯಾಗಿಲ್ಲ ಬಾಯಾರ. ಹಂಗ ಬರದಿತ್ತು ಅಂತ ನೀವು ಹೇಳೋದು. ಅವ ಇಲ್ಲ ಅಂದ್ರ?"

"ಅವನ ಬಾಯಿಂದಲೇ ಹೇಳಿಸ್ತೀನಿ. ನೀವು ಕಿವಿ ಕೊಟ್ಟು ಕೇಳಿದ್ರ ಸಾಕು."

ಫೌಜದಾರರು ಕೈ ತೊಳೆದು ಟೋಪಿ ತೆಗೆದುಕೊಂಡರು.

ಖತೀಜಾಬಿಯ ಮನೆ ಎಲೆತೋಟದ ಅಂಚಿಗೇ ಇತ್ತು. ಮರಗಳಿಗೆ ಹಬ್ಬಿದ ಬಳ್ಳಿ ಆಳೆತ್ತರದ ಹಸಿರು ಗೋಡೆಯಂತೆ ಕಟ್ಟೆಯವರೆಗೂ ಬಂದಿತ್ತು. ಶಿದ್ಲಿಂಗಪ್ಪ ಒಬ್ಬ ಪೊಲೀಸನೊಂದಿಗೆ ಹಿಂದಿನ ದಾರಿಯಿಂದ ಬಂದು ಬಳ್ಳಿಯ ಮರೆಯಲ್ಲಿ ನಿಂತರು.

ಕಟ್ಟೆಯ ಮೇಲೆ ಅವನು ಕುಳಿತಿದ್ದ. ಇಸ್ತ್ರಿಯ ಪಾಯಜಾಮ, ಹೊಸ ಟೋಪಿ. ಬಲಗೆನ್ನೆಯಿಂದ ಕಿವಿಯವರೆಗೆ ಸುಟ್ಟ ಕಲೆ. ಪಕ್ಕದಲ್ಲಿ ಖತೀಜಾಬಿ, ಪೊರೆ ಬಂದ ಕಣ್ಣನ್ನು ದನಿ ಬಂದ ಕಡೆಗೆ ತಿರುಗಿಸುತ್ತ.

"ಬರ್ರಿ ಬಾಯಾರ," ಅವನು ಎದ್ದು ನಿಂತ. "ನಿಮ್ಮ ಹಾದೀನ ಕಾಯಾಕತ್ತಿದ್ವಿ. ಕುಂದರ್ರಿ."

"ಹೊತ್ತು ಅದ ಇನ್ನೂ. ಸ್ವಲ್ಪ ದಣಿವಾರಿಸಿಕೊಳ್ತೀನಿ." ಗೋಪಿಕಾಬಾಯಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. ದನಿ ಸಾಲೆಯಲ್ಲಿ ಪಾಠ ಕೇಳುವ ದನಿಯೇ ಆಗಿತ್ತು. "ನಿನ್ನ ಪತ್ರ ನೆನಪಾದವು ಇವತ್ತು. ಎಷ್ಟು ಛಂದ ಬರೀತಿದ್ದೆ."

"ನೀವ ಕಲಿಸಿದ ಅಕ್ಷರ ಅಲ್ಲೇನ್ರಿ."

"ಆ ನಿನ್ನ ಗೆಳೆಯನ ಬಗ್ಗೆ ಕೇಳೋದು ಮರತೇಬಿಟ್ಟೀನಿ ನೋಡು. ಲಬ್ಬರ್. ಏನಾದ ಅವ?"

ಒಂದು ಕ್ಷಣವೂ ತಡವಾಗಲಿಲ್ಲ. ಅವನ ಮುಖದಲ್ಲಿ ದುಃಖ ಕರೆದ ಕೂಡಲೆ ಬಂದು ನಿಂತಿತು.

"ಲಬ್ಬರ್! ಅವನಂಥಾ ದೋಸ್ತ ಮತ್ತ ಸಿಗಲಿಲ್ರಿ. ರಂಗೂನಿನಾಗ ಜ್ವರಾ ಬಂದು ತೀರಿಕೊಂಡ. ನಾನ ಮಣ್ಣ ಕೊಟ್ಟೆ."

"ಅಯ್ಯೋ ಪಾಪ. ಯಾವ ಊರಿನವ?"

"ಮಂಗಳೂರ ಕಡಿಯಾಂವ ರೀ."

"ನೋಡ್ಲಿಕ್ಕೆ ಹೆಂಗಿದ್ದ?"

"ಎತ್ತರದಾಂವ. ತೆಳ್ಳಗ. ಭಾಳ ನಗಸ್ತಿದ್ದ."

"ಅವನ ಬೆರಳು ತುಂಡಾದಾಗ ನೀ ಹತ್ತಿರ ಇದ್ದೆ ಏನು?"

"ಹತ್ತಿರ ಏನ್ರಿ, ಸರಪಳಿಯಾಗಿಂದ ಕೈ ಬಿಡಿಸಿದಾವ ನಾ! ನನ್ನ ರುಮಾಲ ಹರದು ಕಟ್ಟಿದೆ. ನೆತ್ತರಾ ನಿಲ್ಲಲೇ ಇಲ್ಲ."

"ಯಾವ ಕೈ?"

"ಎಡಗೈ ರೀ. ಕಿರುಬೆರಳು."

"ಖಂಡಿತ ಅದನ?"

"ನನ್ನ ಕಣ್ಣಾರೆ ಕಂಡದ್ದು ಮರೀತೇನೇನ್ರಿ?"

ಬಳ್ಳಿಯ ಹಿಂದೆ ಒಣ ಎಲೆ ಸರಕ್ ಎಂದಿತು. ಅವನು ಅತ್ತ ನೋಡಿದ. ಗೋಪಿಕಾಬಾಯಿ ಎದ್ದು ಅವನಿಗೂ ಬೀದಿಗೂ ನಡುವೆ ನಿಂತರು.

"ಲಬ್ಬರ್ ಅನ್ನೋದು ಹೆಸರಲ್ಲ."

"ಆಂ?"

"ಹಡಗಿನ ಮಂದಿ ಬೈಗಳ ಅದು. ಸಮುದ್ರ ಗೊತ್ತಿಲ್ಲದ, ನೆಲದ ಮ್ಯಾಲಿನ ಮನಷ್ಯಾಗ ಹಂಗಂತಾರ. ಹಡಗು ಹತ್ತಿದವರಿಗೆಲ್ಲ ಮೊದಲನೇ ದಿನಾನ ತಿಳಿಯೋ ಮಾತು. ನೀ ನಾಲ್ಕು ವರ್ಷ ಹಡಗದಾಗಿದ್ದಿ, ಹನ್ನೊಂದು ವರ್ಷ ಬಂದರಿಂದ ಬಂದರಿಗೆ ತಿರುಗೀದಿ, ನಿನಗ ಗೊತ್ತಾಗಲಿಲ್ಲೇನು?"

ಅವನ ಕಣ್ಣು ಬೀದಿಯ ಕಡೆ ಹೊರಳಿತು.

"ನನಗೂ ಗೊತ್ತಿರಲಿಲ್ಲ, ಖರೆ. ಆದ್ರ ನಾ ಸವಣೂರು ಬಿಟ್ಟು ಹುಬ್ಬಳ್ಳಿ ದಾಟಿದವಳಲ್ಲ. ಸಿರಾಜ ಅವ್ವಗ ಕಸಿವಿಸಿ ಆಗಬಾರದು ಅಂತ ತನ್ನ ಬೈಗಳಾನ ಒಂದು ಗೆಳೆಯನ್ನ ಮಾಡಿ ಬರದ. ಆ ಹೊಡತ ತಿಂದಾವ ಅವ. ಅನ್ನ ಮುಟ್ಟದ ಬಿದ್ದಾವ ಅವ. ಬೆರಳು ಕಳಕೊಂಡಾವ ಅವ. ಎಲ್ಲಿ, ನಿನ್ನ ಎಡಗೈ ಮುಂದ ಮಾಡು."

ಅವನು ಕೈಯನ್ನು ಬೆನ್ನ ಹಿಂದೆ ಸರಿಸಿದ. ಐದು ಬೆರಳಿರುವ ಕೈಯನ್ನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಳ್ಳುವ ಗಂಡಸನ್ನು ಗೋಪಿಕಾಬಾಯಿ ಅದೇ ಮೊದಲು ನೋಡಿದ್ದು.

"ಖಾದರಸಾಬಗ ಈ ಗುರುತು ಗೊತ್ತಿತ್ತು. ನಿನ್ನ ಕೈ ನೋಡ್ಲಿಕ್ಕೆ ಬಂದ. ಹೆಣವಾಗಿ ಹೋದ. ಯಾರಪ್ಪಾ ನೀನು?"

ಅವನು ಕಟ್ಟೆಯಿಂದ ಜಿಗಿದ. ಬಳ್ಳಿಯ ಗೋಡೆ ಸೀಳಿಕೊಂಡು ಶಿದ್ಲಿಂಗಪ್ಪ ಹೊರಬಂದರು. ಪೊಲೀಸನು ಅವನ ಕುತ್ತಿಗೆಯ ಪಟ್ಟಿ ಹಿಡಿದ. ಹೊಸ ಟೋಪಿ ಮಣ್ಣಿಗೆ ಬಿತ್ತು.

"ಎಲ್ಲಾ ಕೇಳೇನಿ," ಎಂದರು ಫೌಜದಾರರು. "ಬೇಡಿ ಹಾಕೋ ಇವಂಗ."

"ಬ್ಯಾಡ್ರಿ ಸಾಹೇಬರ!"

ಖತೀಜಾಬಿ ಎದ್ದು ನಿಂತಿದ್ದಳು. ಕಣ್ಣು ಕಾಣದವಳು ಕೈಚಾಚಿ ತಡವರಿಸುತ್ತ ಬಂದು, ಆ ಮನುಷ್ಯನ ಎರಡೂ ಮುಂಗೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೇಡಿ ಹಾಕಲು ಜಾಗವೇ ಉಳಿಯಲಿಲ್ಲ.

ಈ ಗಳಿಗೆಯ ಬಗ್ಗೆ ಗೋಪಿಕಾಬಾಯಿ ದಾರಿಯುದ್ದಕ್ಕೂ ಹೆದರಿದ್ದರು. "ಖತೀಜಾಬಿ, ಇವ ನಿಮ್ಮ ಮಗ ಅಲ್ಲ. ಕೇಳಿದಿರಲ್ಲ? ನಿಮ್ಮ ಪೆಟ್ಟಿಗಿಯೊಳಗಿನ ಪತ್ರ ಕದ್ದು, ಓದಿ—"

"ಕದ್ದಿಲ್ರಿ. ಪತ್ರಾ ನಾನ ಕೊಟ್ಟೆ. ಊರ ಮಂದಿಗೆ ಕಾಣಿಸ್ಕೊಳ್ಳೂಕಿಂತ ಎರಡು ತಿಂಗಳ ಮೊದಲ ಒಂದು ರಾತ್ರಿ ಬಂದಿದ್ದ, ಆವಾಗ."

ಫೌಜದಾರರು ಬೇಡಿ ಹಿಡಿದ ಪೊಲೀಸನಿಗೆ ತಡೆಯುವಂತೆ ಕೈ ತೋರಿಸಿದರು.

"ಇವ ನನ್ನ ಮಗ ಅಲ್ಲಂತ ಇವ ಅಂಗಳಕ್ಕ ಕಾಲಿಟ್ಟ ದಿನಾನ ನನಗ ಗೊತ್ತಿತ್ತು ಬಾಯಾರ. ಕಣ್ಣ ಹೋಗ್ಯಾವ, ಕೈ ಹೋಗಿಲ್ಲ. ಹಡೆದಾಕಿಗೆ ಮೈ ಮುಟ್ಟಿದ್ರ ತಿಳಿಯಂಗಿಲ್ಲೇನು?"

"ಮತ್ತ ಯಾಕ ಸುಮ್ಮನಿದ್ರಿ? ಊರ ಮುಂದ ಯಾಕ ಮಗಾ ಅಂದ್ರಿ?" ಗೋಪಿಕಾಬಾಯಿಯ ದನಿ ಏರಿತು. "ನನಗೂ ಹೇಳಲಿಲ್ಲ!"

"ನನ್ನ ಸಿರಾಜ ಬದುಕ್ಯಾನ ಅಂದ ಇವ. ಎಲ್ಲಿದಾನ ಅನ್ನೂದು ಇವಂಗೊಬ್ಬಂಗ ಗೊತ್ತು. ಹೊರಗ ಬರೂಹಂಗಿಲ್ಲ, ಹಡಗದಾಗ ಏನೋ ಆಗೇತಿ, ಹೆಸರ ಹೇಳಿದ್ರ ಹಿಡೀತಾರ ಅಂದ. ಊರಾಗ ಒಬ್ಬ ಸಿರಾಜ ಇದ್ರ ಇನ್ನೊಬ್ಬ ಸಿರಾಜನ್ನ ಯಾರೂ ಹುಡುಕಂಗಿಲ್ಲ ಅಂದ. ತ್ವಾಟಾ ಇವನ ಹೆಸರಿಗೆ ಬರೀಬೇಕು, ಬರದ ದಿನ ಮಗನ ಹಂತ್ಯಾಕ ಕರಕೊಂಡು ಹೋಗ್ತೇನಿ ಅಂದ." ಅವಳು ಹಿಡಿದ ಕೈ ಸಡಿಲಿಸಲಿಲ್ಲ. "ಇವತ್ತ ಬರಕೊಡಾಕಿ ಇದ್ದೆ. ಇನ್ನೊಂದು ತಾಸು ತಡದಿದ್ರ ಆಗ್ತಿತ್ತು ಬಾಯಾರ. ಈಗ ಇವ ಬಾಯಿ ಬಿಡ್ತಾನೇನು?"

ಮುಖ ಸುಟ್ಟವನು ನಿಧಾನವಾಗಿ ತಲೆಯೆತ್ತಿದ. ಹೆದರಿಕೆ ಇಳಿದಿತ್ತು; ಸಂತೆಯಲ್ಲಿ ಚೌಕಾಶಿಗೆ ನಿಂತವನ ಕಣ್ಣು ಅವು.

"ಬಿಡಂಗಿಲ್ಲ," ಎಂದ.

ಶಿದ್ಲಿಂಗಪ್ಪ ಅವನನ್ನು ಲೆಕ್ಕಿಸದೆ ಮುದುಕಿಯ ಹತ್ತಿರ ಕಟ್ಟೆಯ ಅಂಚಿಗೆ ಕುಳಿತರು. "ಅಮ್ಮಾ, ಮಾತು ಯಾರ ಬೇಕಾದ್ರೂ ಹೇಳ್ತಾರ. ನಿಮ್ಮ ಮಗ ಬದುಕ್ಯಾನ ಅಂತ ನೀವು ಹೆಂಗ ನಂಬಿದ್ರಿ?"

"ಬರೇ ಮಾತಿಗೆ ನಾನೂ ನಂಬಿರಲಿಲ್ರಿ ಸಾಹೇಬರ. ಒಮ್ಮಿ ತೋರಸು, ಆಮ್ಯಾಲ ರುಜು ಅಂತ ಹಟಾ ಹಿಡದೆ. ತೋರಸಿದ."

"ಅಂದ್ರ?"

"ಕರಕೊಂಡು ಬಂದ. ಒಂದ ಸಲ. ಇದ ಕಟ್ಟಿ ಮ್ಯಾಲ ಕುಂತು ನನ್ನ ಕೈಲೆ ಊಟಾ ಮಾಡಿದ ನನ್ನ ಕೂಸು." ಖತೀಜಾಬಿಯ ಸುಕ್ಕುಗಟ್ಟಿದ ಮುಖ ಬಿಸಿಲು ಬಿದ್ದಂತೆ ಬೆಳಗಿತು. "ಗಡ್ಡಾ ಬಿಟ್ಟಾನ. ದನಿ ಅವರಪ್ಪನ ದನೀನ ಆಗೇತಿ."

ಗೋಪಿಕಾಬಾಯಿಯ ಕಣ್ಣು ತುಂಬಿತು. ಸಿರಾಜ ಬದುಕಿದ್ದ! ತಾವು ಅಕ್ಷರ ತಿದ್ದಿಸಿದ ಹುಡುಗ ಇದೇ ಜಿಲ್ಲೆಯಲ್ಲಿ, ಎಲ್ಲೋ ಹತ್ತಿರದಲ್ಲಿ, ಉಸಿರಾಡುತ್ತಿದ್ದ.

"ಯಾವತ್ತು ಬಂದಿದ್ದ?" ಫೌಜದಾರರು ಕೇಳಿದರು. ದನಿ ಬಹಳ ಮೆತ್ತಗಿತ್ತು. ಗೋಪಿಕಾಬಾಯಿಗೆ ಆ ಮೆತ್ತಗಿನ ದನಿಯ ಅರ್ಥ ತಟ್ಟನೆ ಹೊಳೆಯಿತು. ಖತೀಜಾಬಿಯ ತೋಳು ಹಿಡಿದು ತಡೆಯಲು ಕೈ ಚಾಚಿದರು.

ತಡವಾಗಿತ್ತು. ತಾಯಿ ಸಂತೋಷದಲ್ಲಿದ್ದಳು, ಮಗನ ಮಾತು ಆಡಲು ಹದಿನೈದು ವರ್ಷಗಳಲ್ಲಿ ಸಿಕ್ಕ ಮೊದಲ ಅವಕಾಶ ಅದು.

"ಹೋದ ಶುಕ್ರವಾರ ಅಲ್ಲರಿ, ಅದರ ಹಿಂದಿನ ಶುಕ್ರವಾರ. ಜುಮ್ಮಾ ನಮಾಜು ಮುಗದ ಹೊತ್ತು. ಇನ್ನೊಂದಿಷ್ಟು ಕುಂದರೋ ಅಂದೆ. 'ಇಲ್ಲಮ್ಮಾ, ಖಾದರಚಾಚಾ ಬಸ್ಸಿಳಿದು ಬರಾಕತ್ತಾನ, ಅವ ನನ್ನ ಗುರ್ತಾ ಹಿಡದಬಿಡ್ತಾನ' ಅಂತ ಹೇಳಿ ಕೆರಿ ಕಡೆ ಎದ್ದು ಹೋದ."